ಮುಗಿಯುವ ಹೊತ್ತು ಹೇಳಿ ಮಲಗಬಹುದಾದ ಯಂತ್ರ: ಫ್ರಂಟ್ ಲೋಡ್ ವಾಷಿಂಗ್ ಮೆಷಿನ್, 14 ತಿಂಗಳ ಬಳಕೆಯ ನಂತರ

ವಾಷಿಂಗ್ ಮೆಷಿನ್‌ಗಳ ಬಗ್ಗೆ ನಾನು ಓದಿದ ವಿಮರ್ಶೆಗಳಲ್ಲಿ ಬಹುಪಾಲು ಕೊಂಡ ಮೊದಲ ವಾರದಲ್ಲೇ ಬರೆದಂಥವು. ಆಗ ಯಂತ್ರವೂ ಹೊಸದು, ಬರೆಯುವವರ ಉತ್ಸಾಹವೂ ಹೊಸದು. ನಾನು ಬರೆಯುತ್ತಿರುವುದು 14 ತಿಂಗಳು ಬಳಸಿದ ಮೇಲೆ. ಈ ಅವಧಿಯಲ್ಲಿ ಯಂತ್ರವು ಎರಡು ಸಲ ಪರೀಕ್ಷೆಯ ದಿನಗಳನ್ನೂ, ಮಗನ ಶಾಲೆಯ ಮೊದಲ ವರ್ಷವನ್ನೂ, ಮನೆಮಂದಿಯೆಲ್ಲ ಸರದಿಯ ಮೇಲೆ ಜ್ವರದಿಂದ ಮಲಗಿದ ಒಂದು ವಾರವನ್ನೂ ಕಂಡಿದೆ. ನಾನು ಪ್ರೌಢಶಾಲೆಯ ಶಿಕ್ಷಕಿ. ಮನೆಯಲ್ಲಿ 11 ವರ್ಷದ ಮಗಳು, 6 ವರ್ಷದ ಮಗ, ನನ್ನ ಹಾಗೆಯೇ ಬೆಳಿಗ್ಗೆ ಹೊರಟು ಸಂಜೆ ಮರಳುವ ಪತಿ ಇದ್ದಾರೆ. ಆದ್ದರಿಂದ ಬಟ್ಟೆ ಎಷ್ಟು ಬೆಳ್ಳಗಾಗುತ್ತದೆ ಎಂಬುದಕ್ಕಿಂತ, ನಾಲ್ವರೂ ಬಾಗಿಲು ಎಳೆದುಕೊಂಡು ಹೊರಟುಹೋಗುವ ಮನೆಯಲ್ಲಿ ಇದು ಯಾವ ಹೊತ್ತಿಗೆ, ಯಾರ ನೆರವಿಲ್ಲದೆ, ಕೆಲಸ ಮುಗಿಸಬಲ್ಲದು ಎಂಬ ಪ್ರಶ್ನೆಯನ್ನೇ ಮುಂದಿಟ್ಟುಕೊಂಡು ಇದನ್ನು ನೋಡಿದ್ದೇನೆ.

ನಮ್ಮದು 7 ಕಿಲೋ ಸಾಮರ್ಥ್ಯದ, ಮುಂಬಾಗಿಲಿನ, ನಿಮಿಷಕ್ಕೆ 1400 ಸುತ್ತು ತಿರುಗಬಲ್ಲ, ಒಳಗೇ ನೀರು ಕಾಯಿಸಿಕೊಳ್ಳುವ ಯಂತ್ರ. ಕಂಪನಿಯ ಹೆಸರನ್ನು ಹೇಳುತ್ತಿಲ್ಲ, ಏಕೆಂದರೆ ನಾನು ಹೇಳಹೊರಟಿರುವ ಗುಣದೋಷಗಳಲ್ಲಿ ಹೆಚ್ಚಿನವು ಈ ವರ್ಗದ ಯಂತ್ರಗಳಿಗೆಲ್ಲ ಸಾಮಾನ್ಯವಾದವು. ಇದಕ್ಕೆ ಮೊದಲು ನಮ್ಮಲ್ಲಿದ್ದದ್ದು ಎರಡು ತೊಟ್ಟಿಗಳ ಸೆಮಿ ಆಟೊಮ್ಯಾಟಿಕ್. ಅದು ಬಟ್ಟೆಯನ್ನೇನೋ ಚೆನ್ನಾಗಿಯೇ ಒಗೆಯುತ್ತಿತ್ತು. ಆದರೆ ನೀರು ತುಂಬಿತು ಬಾ, ಒಗೆದು ಆಯಿತು ಬಾ, ಈ ತೊಟ್ಟಿಯಿಂದ ಆ ತೊಟ್ಟಿಗೆ ಹಾಕು ಬಾ ಎಂದು ಕಾಲು ಗಂಟೆಗೊಮ್ಮೆ ನನ್ನನ್ನು ಕರೆಯುತ್ತಿತ್ತು. ಉತ್ತರಪತ್ರಿಕೆ ತಿದ್ದುತ್ತ ಕುಳಿತವಳು ಹಾಗೆ ನಾಲ್ಕು ಸಲ ಎದ್ದು ಬಂದರೆ ಐದನೆಯ ವಿದ್ಯಾರ್ಥಿಗೆ ಅನ್ಯಾಯವಾಗುತ್ತದೆ. ಯಂತ್ರ ಬದಲಾಯಿಸಲು ನನಗಿದ್ದ ನಿಜವಾದ ಕಾರಣ ಅದೇ.

ಹೊಸ ಯಂತ್ರದಲ್ಲಿ ನನಗೆ ಅತ್ಯಂತ ಉಪಯುಕ್ತವೆನಿಸಿದ ಸೌಲಭ್ಯದ ಬಗ್ಗೆ ಅಂಗಡಿಯಲ್ಲಿ ಯಾರೂ ಒಂದು ಮಾತನ್ನೂ ಆಡಲಿಲ್ಲ. ಅವರು ಸ್ಪಿನ್ ವೇಗ, ಡ್ರಮ್ಮಿನ ವಿನ್ಯಾಸ, ಮೋಟರಿನ ವಾರಂಟಿಗಳನ್ನೇ ಹೇಳುತ್ತಿದ್ದರು. ನನ್ನ ದಿನಚರಿಯನ್ನು ಬದಲಿಸಿದ್ದು ಮಾತ್ರ, ಫಲಕದ ಮೂಲೆಯಲ್ಲಿ ಗಡಿಯಾರದ ಚಿತ್ರವಿರುವ ಒಂದು ಸಣ್ಣ ಗುಂಡಿ. ಅದನ್ನು ಒತ್ತಿದರೆ ಒಗೆತವನ್ನು ಮುಂದಿನ ಹೊತ್ತಿಗೆ ತಳ್ಳಬಹುದು. ನಮ್ಮ ಯಂತ್ರದಲ್ಲಿ ಅಲ್ಲಿ ಕಾಣುವ ಅಂಕಿ ಕೆಲಸ ಮುಗಿಯಲು ಇನ್ನೆಷ್ಟು ಗಂಟೆ ಎಂಬುದನ್ನು ಸೂಚಿಸುತ್ತದೆ. ಶುರುವಾಗಲು ಎಷ್ಟು ಗಂಟೆ ಎಂಬುದನ್ನಲ್ಲ. ಈ ವ್ಯತ್ಯಾಸ ಕಾಗದದ ಮೇಲೆ ಚಿಕ್ಕದಾಗಿ ಕಾಣುತ್ತದೆ. ಮೊದಲ ವಾರ ನಾನು ಅದನ್ನು ಶುರುವಾಗುವ ಹೊತ್ತು ಎಂದೇ ತಿಳಿದು, ರಾತ್ರಿ 10ಕ್ಕೆ 4 ಎಂದು ಒತ್ತಿ ಮಲಗಿದೆ. 2 ಗಂಟೆಗೆ ಶುರುವಾಗಿ ಬೆಳಗಿನ ಜಾವಕ್ಕೆ ಮುಗಿಯುತ್ತದೆ ಎಂಬುದು ನನ್ನ ಲೆಕ್ಕವಾಗಿತ್ತು. ಆದರೆ ಬಟ್ಟೆ 2 ಗಂಟೆಗೇ ಒಗೆದು ಮುಗಿದು, ನಾನು ಏಳುವವರೆಗೆ ಮುಚ್ಚಿದ ಡ್ರಮ್ಮಿನೊಳಗೆ ಮುದ್ದೆಯಾಗಿ ಕುಳಿತಿತ್ತು. ಬೆಳಿಗ್ಗೆ ಬಾಗಿಲು ತೆರೆದಾಗ ಬಂದ ಮುಗ್ಗಲು ವಾಸನೆಯನ್ನು ಹೋಗಲಾಡಿಸಲು ಎಲ್ಲವನ್ನೂ ಇನ್ನೊಮ್ಮೆ ಜಾಲಿಸಬೇಕಾಯಿತು.

ಅರ್ಥವಾದ ಮೇಲೆ ಈ ಗುಂಡಿಯೇ ಮನೆಯ ವೇಳಾಪಟ್ಟಿಯಾಯಿತು. ರಾತ್ರಿ ಪಾಠಯೋಜನೆ ಬರೆದು ಮುಗಿಸಿ, 9.30ಕ್ಕೆ ಬಟ್ಟೆ ತುಂಬಿ, 8 ಎಂದು ಒತ್ತಿದರೆ ಬೆಳಿಗ್ಗೆ 5.30ಕ್ಕೆ ಕೆಲಸ ಮುಗಿದಿರುತ್ತದೆ. ಕೊನೆಯ ಹತ್ತು ನಿಮಿಷ ಡ್ರಮ್ ಜೋರಾಗಿ ತಿರುಗಿ ನೀರು ಹಿಂಡುವ ಸದ್ದಿಗೇ ನನಗೆ ಎಚ್ಚರವಾಗುವುದರಿಂದ ಅಲಾರಂ ಇಡುವುದನ್ನೂ ಬಿಟ್ಟಿದ್ದೇನೆ. ಎದ್ದ ಕೂಡಲೇ ತೆಗೆದು ಹರವಿದರೆ, ಮಕ್ಕಳನ್ನು ಎಬ್ಬಿಸುವ ಹೊತ್ತಿಗೆ ಆ ದಿನದ ಅತ್ಯಂತ ಭಾರವಾದ ಕೆಲಸ ಮುಗಿದಿರುತ್ತದೆ. ಮನೆಯಲ್ಲಿ ಯಾರೂ ಇಲ್ಲದ ಹಗಲಿನಲ್ಲಿ ಯಂತ್ರ ಓಡಿಸುವ ಪಾಠವನ್ನು ಮಾತ್ರ ನಾನು ಕಲಿತಿಲ್ಲ, ಕಲಿಯುವುದೂ ಇಲ್ಲ. ನಲ್ಲಿಯ ಕೊಳವೆ ಕಳಚಿಕೊಂಡರೆ ಏನಾಗಬಹುದೆಂದು ಆರನೆಯ ಪಿರಿಯಡ್‌ನಲ್ಲಿ ನೆನಪಾಗುವುದು ನನಗೆ ಬೇಡ. ಇನ್ನೊಂದು ವಿಷಯ. ಹೀಗೆ ತಡವಾಗಿ ಶುರುಮಾಡುವಾಗ ದ್ರವ ಡಿಟರ್ಜೆಂಟಿಗಿಂತ ಪುಡಿಯೇ ಒಳ್ಳೆಯದು. ದ್ರವವು ಖಾನೆಯಿಂದ ಮೆಲ್ಲನೆ ಜಾರಿ ಡ್ರಮ್ಮಿಗಿಳಿದು ಒಣಬಟ್ಟೆಯ ಮೇಲೆ ಕಲೆಗಟ್ಟಬಹುದು, ಖಾನೆಯಲ್ಲೇ ಅಂಟಿಕೊಳ್ಳಲೂಬಹುದು. ಪುಡಿಯಾದರೆ ನೀರು ಬರುವವರೆಗೆ ಇದ್ದಲ್ಲೇ ಇರುತ್ತದೆ.

ಇಷ್ಟು ಹೊಗಳಿದ ಮೇಲೆ, ಇದೇ ಯಂತ್ರ ಸಮಯದ ವಿಷಯದಲ್ಲಿ ಹೇಳುವ ಸುಳ್ಳನ್ನೂ ಹೇಳಬೇಕು. ಫಲಕದ ಮೇಲೆ ‘1 ನಿಮಿಷ’ ಎಂದು ಕಾಣಿಸಿದ ಮೇಲೆ ಒಮ್ಮೆ ಗಡಿಯಾರ ಹಿಡಿದು ನೋಡಿದೆ: ಆ ಒಂದು ನಿಮಿಷ ಒಂಬತ್ತು ನಿಮಿಷ ನಡೆಯಿತು. ಗಂಟೆ ಬಾರಿಸಿದರೆ ತರಗತಿ ಬದಲಾಗುವ ಬದುಕಿನಲ್ಲಿರುವ ನನಗೆ ಇದು ಸಹಿಸಲಾಗದ ಅಶಿಸ್ತು. ಕಾರಣ ತಿಳಿದ ಮೇಲೆ ಸಿಟ್ಟು ಅರ್ಧ ಇಳಿಯಿತು. ಹಿಂಡುವ ಮೊದಲು ಯಂತ್ರವು ಬಟ್ಟೆ ಡ್ರಮ್ಮಿನ ಸುತ್ತ ಸಮವಾಗಿ ಹರಡಿದೆಯೇ ಎಂದು ಪರೀಕ್ಷಿಸುತ್ತದೆ. ಒಂದೇ ಕಡೆ ಭಾರ ಕೂಡಿದ್ದರೆ ನಿಂತು, ಹಿಂದೆ ಮುಂದೆ ತಿರುಗಿಸಿ, ಬಿಡಿಸಿ, ಮತ್ತೆ ಪ್ರಯತ್ನಿಸುತ್ತದೆ. ನೊರೆ ಜಾಸ್ತಿಯಾಗಿದ್ದರೆ ಇನ್ನೊಂದು ಸಲ ಜಾಲಿಸುತ್ತದೆ. ಫಲಕದಲ್ಲಿ ಕಾಣುವುದು ಅಂದಾಜು ಸಮಯವೇ ಹೊರತು ಕೊಟ್ಟ ಮಾತಲ್ಲ. ಹೊದಿಕೆಯೊಂದು ಉಳಿದ ಬಟ್ಟೆಗಳನ್ನೆಲ್ಲ ತನ್ನೊಳಗೆ ಸುತ್ತಿಕೊಂಡು ಉಂಡೆಯಾದಾಗ, ಅಥವಾ ದಪ್ಪ ಟವೆಲೊಂದನ್ನೇ ಒಂಟಿಯಾಗಿ ಹಾಕಿದಾಗ, ಈ ತೊಂದರೆ ಅತಿ ಹೆಚ್ಚು.

ಕೆಲಸ ಮುಗಿದ ಮೇಲೂ ಬಾಗಿಲಿನ ಬೀಗ ಕೂಡಲೇ ಬಿಡುವುದಿಲ್ಲ. ನಮ್ಮದರಲ್ಲಿ ಸುಮಾರು ಎರಡು ನಿಮಿಷ ಕಾಯಬೇಕು. ಡ್ರಮ್ ತಿರುಗುತ್ತಿರುವಾಗ ಮಕ್ಕಳ ಕೈ ಒಳಗೆ ಹೋಗದಿರಲೆಂದು ಮಾಡಿದ ಏರ್ಪಾಡು ಅದು, ತಕರಾರಿಲ್ಲ. ಆದರೆ ಆಟದ ಸಮವಸ್ತ್ರ ಗಾಜಿನ ಆಚೆ, ಮಗ ಬನಿಯನ್ನಿನಲ್ಲಿ ಈಚೆ, ಶಾಲೆಯ ವಾಹನ ಬೀದಿಯಲ್ಲಿ ಹಾರನ್ ಹೊಡೆಯುತ್ತ ನಿಂತಿರುವಾಗ ಎರಡು ನಿಮಿಷ ಎಷ್ಟು ಉದ್ದ ಎಂಬುದನ್ನು ಆ ಬೀಗ ಮಾಡಿದವರು ಒಮ್ಮೆ ನಿಂತು ನೋಡಬೇಕಿತ್ತು.

ಕೊಳ್ಳುವವರನ್ನು ಹೆಚ್ಚು ದಾರಿತಪ್ಪಿಸುವುದು ‘15 ನಿಮಿಷ’ದ ಕ್ಷಿಪ್ರ ಒಗೆತ. ಕೆಲಸಕ್ಕೆ ಹೋಗುವ ತಾಯಂದಿರು ಈ ಸಾಲನ್ನು ಓದಿಯೇ ಮರುಳಾಗುತ್ತಾರೆ; ನಾನೂ ಆಗಿದ್ದೆ. ಕೈಪಿಡಿಯ ಕೋಷ್ಟಕವನ್ನು ನೋಡಿದರೆ, 7 ಕಿಲೋ ಎಂಬ ಸಾಮರ್ಥ್ಯ ಹತ್ತಿಬಟ್ಟೆಯ ಪೂರ್ಣ ಒಗೆತಕ್ಕೆ ಮಾತ್ರ ಅನ್ವಯಿಸುತ್ತದೆ ಎಂಬುದು ತಿಳಿಯುತ್ತದೆ. ಕೃತಕ ನೂಲಿನ ಬಟ್ಟೆಗೆ ಅದು ಸರಿಸುಮಾರು ಅರ್ಧಕ್ಕಿಳಿಯುತ್ತದೆ, ಕ್ಷಿಪ್ರ ಒಗೆತಕ್ಕೆ ಒಂದೆರಡು ಕಿಲೋಗಿಂತ ಹೆಚ್ಚು ಹಾಕುವಂತಿಲ್ಲ. ಒಂದು ಸಂಜೆ ತೊಟ್ಟು ಬಿಟ್ಟ, ಬೆವರಷ್ಟೇ ಹತ್ತಿದ ನಾಲ್ಕು ಬಟ್ಟೆಗಳಿಗೆ ಅದು ಸಾಕು. ಮಣ್ಣಿನಲ್ಲಿ ಹೊರಳಿ ಬಂದ ಆರು ವರ್ಷದವನ ಮೊಣಕಾಲಿಗೆ ಸಾಲದು.

ಏಕೆ ಸಾಲದು ಎಂಬುದಕ್ಕೆ 1959ರಲ್ಲಿ ಹರ್ಬರ್ಟ್ ಸಿನ್ನರ್ ಎಂಬ ಜರ್ಮನ್ ರಸಾಯನಶಾಸ್ತ್ರಜ್ಞರು ಕೊಟ್ಟ ವಿವರಣೆ ಇಂದಿಗೂ ಸೊಗಸಾಗಿದೆ. ಕೊಳೆ ತೆಗೆಯಲು ಬೇಕಾದದ್ದು ಸಮಯ, ಉಷ್ಣತೆ, ತಿಕ್ಕಾಟ, ರಾಸಾಯನಿಕ ಎಂಬ ನಾಲ್ಕು ಅಂಶಗಳು; ಒಂದನ್ನು ಕಡಿಮೆ ಮಾಡಿದರೆ ಉಳಿದವುಗಳಲ್ಲಿ ಯಾವುದಾದರೊಂದನ್ನು ಹೆಚ್ಚಿಸಿ ಸರಿದೂಗಿಸಬೇಕು. ಅವರು ಇದನ್ನು ನಾಲ್ಕು ಹೋಳುಗಳ ಒಂದು ವೃತ್ತವಾಗಿ ತೋರಿಸಿದರು. ಕ್ಷಿಪ್ರ ಒಗೆತದಲ್ಲಿ ಸಮಯದ ಹೋಳು ಕುಗ್ಗುತ್ತದೆ, ಅದರ ಜಾಗಕ್ಕೆ ಬೇರೇನೂ ಬರುವುದಿಲ್ಲ. ಇದಕ್ಕೆ ತದ್ವಿರುದ್ಧವಾಗಿ ‘ಇಕೋ’ ಒಗೆತ ಮೂರು ಗಂಟೆಗೂ ಮೀರಿ ಹಿಡಿಯುವುದನ್ನು ಕಂಡು, ಇಷ್ಟು ಹೊತ್ತು ಓಡಿದರೆ ಕರೆಂಟು ಉಳಿಯುವುದಾದರೂ ಹೇಗೆ ಎಂದು ನಮ್ಮ ಪತಿ ಕೇಳಿದ್ದರು. ವಿದ್ಯುತ್ತಿನ ದೊಡ್ಡ ಪಾಲು ಹೋಗುವುದು ಡ್ರಮ್ ತಿರುಗಿಸಲು ಅಲ್ಲ, ನೀರು ಕಾಯಿಸಲು. ಇಕೋ ಒಗೆತವು ನೀರನ್ನು ಕಡಿಮೆ ಕಾಯಿಸಿ ಆ ಕೊರತೆಯನ್ನು ಸಮಯದಿಂದ ತುಂಬಿಕೊಳ್ಳುತ್ತದೆ. ಮಲಗಿರುವವಳಿಗೆ ಮೂರು ಗಂಟೆಯಾದರೇನು, ನಾಲ್ಕಾದರೇನು? ಮುಗಿಯುವ ಹೊತ್ತಿನ ಗುಂಡಿ ಮತ್ತು ಇಕೋ ಒಗೆತ ಇವೆರಡನ್ನೂ ಒಟ್ಟಿಗೆ ಬಳಸಿದ ದಿನದಿಂದ ಕ್ಷಿಪ್ರ ಒಗೆತವನ್ನು ನಾನು ಮುಟ್ಟಿದ್ದು ಬೆರಳೆಣಿಕೆಯ ಸಲ.

ಇನ್ನು ಕಲೆಗಳ ಮಾತು. ಶಿಕ್ಷಕಿಯ ಬಟ್ಟೆಯ ಕಲೆಗಳು ಜಾಹೀರಾತಿನಲ್ಲಿ ಬರುವಂಥವಲ್ಲ. ಸೀಮೆಸುಣ್ಣದ ಪುಡಿ ನೋಡಲು ಗಾಬರಿ ಹುಟ್ಟಿಸಿದರೂ ಅತ್ಯಂತ ಸಾಧು. ಒಣಗಿದ್ದಾಗಲೇ ಕೊಡವಿ ಹಾಕಿದರೆ ಉಳಿದದ್ದನ್ನು ಯಂತ್ರ ನೋಡಿಕೊಳ್ಳುತ್ತದೆ, ಒದ್ದೆ ಕೈಯಿಂದ ಒರೆಸಿದರೆ ಮಾತ್ರ ಬಟ್ಟೆಯ ತುಂಬ ಬಳಿದುಕೊಳ್ಳುತ್ತದೆ. ಬಾಲ್‌ಪೆನ್ನಿನ ಶಾಯಿ ಎಣ್ಣೆಯಂಥ ದ್ರವದಲ್ಲಿ ಕರಗಿದ ಬಣ್ಣವಾದ್ದರಿಂದ ನೀರಿಗೆ ಜಗ್ಗುವುದಿಲ್ಲ. ಕಲೆಯ ಕೆಳಗೊಂದು ಹಳೆಯ ಬಟ್ಟೆಯಿಟ್ಟು, ಸ್ಪಿರಿಟ್ ಅದ್ದಿದ ಹತ್ತಿಯಿಂದ ಉಜ್ಜದೆ ಒತ್ತಿ ಒತ್ತಿ ತೆಗೆದು, ನಂತರ ಯಂತ್ರಕ್ಕೆ ಹಾಕಬೇಕು. ಜೆಲ್ ಪೆನ್ನಿನ ಕಥೆಯೇ ಬೇರೆ.

ಅದನ್ನು ಕಲಿತದ್ದು ಕಳೆದ ಮೌಲ್ಯಮಾಪನದ ದಿನಗಳಲ್ಲಿ. ಒಂದು ರಾತ್ರಿ, ತಿದ್ದಿದ ಕಟ್ಟನ್ನು ಬದಿಗಿಟ್ಟು, ತೊಟ್ಟಿದ್ದ ಮೇಲಂಗಿಯನ್ನು ಕಳಚಿ ಬಿಳಿಬಟ್ಟೆಗಳ ಜೊತೆ ಹಾಗೆಯೇ ಡ್ರಮ್ಮಿಗೆ ಹಾಕಿ, 60 ಡಿಗ್ರಿಗೆ ಇಟ್ಟು ಮಲಗಿದೆ. ಬೆಳಿಗ್ಗೆ ಬಾಗಿಲು ತೆರೆದಾಗ ಮೊದಲು ಕೈಗೆ ಬಂದದ್ದು ಮಗಳ ಸಮವಸ್ತ್ರದ ಅಂಗಿ. ಅದರ ಕಾಲರಿನ ಮೇಲೆ ನನ್ನದೇ ಕೈಬರಹದ ಅರ್ಧವಿರಾಮದಂತೆ ಒಂದು ಕೆಂಪು ಚುಕ್ಕೆ, ಕೆಳಗೆ ಇನ್ನೊಂದು, ತೋಳಿನ ತುಂಬ ತಿದ್ದಿ ಬಿಟ್ಟ ಪುಟದಂಥ ಗೀಟುಗಳು. ಜೇಬಿನಲ್ಲಿ ಉಳಿದಿದ್ದ ಕೆಂಪು ಜೆಲ್ ಪೆನ್ನು ಹೊರಗೆ ಜಾರಿ, ಎರಡೂವರೆ ಗಂಟೆ ಎಲ್ಲರ ಬಟ್ಟೆಯನ್ನೂ ತಿದ್ದಿತ್ತು. ಪೆನ್ನು ಡ್ರಮ್ಮಿನ ತಳದಲ್ಲಿ ಸಿಕ್ಕಿತು, ಮುಚ್ಚಳ ಎಷ್ಟು ಹುಡುಕಿದರೂ ಸಿಗಲಿಲ್ಲ. ಜೆಲ್ ಶಾಯಿಯಲ್ಲಿ ನೂಲಿನ ಎಳೆಗಳ ನಡುವೆ ಸಿಕ್ಕಿಕೊಂಡು ಕೂರುವ ಸಣ್ಣ ವರ್ಣಕಣಗಳಿರಬಹುದು. ಅಂಥ ಶಾಯಿಗೆ ಸ್ಪಿರಿಟ್ಟಿನ ಭಯವಿಲ್ಲ, ಅದರ ಮೇಲೆ ಬಿಸಿನೀರು ಬೇರೆ ಹರಿದಿತ್ತು. ಮತ್ತೆ ಎರಡು ಸಲ ಒಗೆದ ಮೇಲೆ ಬಹುತೇಕ ಬಟ್ಟೆಗಳು ಉಳಿದುಕೊಂಡವು. ಎರಡು ಕಾಲರುಗಳು ಉಳಿಯಲಿಲ್ಲ. ಒಗೆದ ಮೇಲೂ ಕಲೆ ಇದ್ದರೆ ಇಸ್ತ್ರಿ ಮಾಡಬಾರದು, ಕಾವಿಗೆ ಅದು ಇನ್ನೂ ಭದ್ರವಾಗಬಹುದು ಎಂದು ಗೊತ್ತಿದ್ದೂ, ಹೊತ್ತಾಯಿತೆಂದು ಒಂದಕ್ಕೆ ಇಸ್ತ್ರಿ ಮಾಡಿದವಳೂ ನಾನೇ. ಯಂತ್ರದ ಮೇಲೆ ಇದರ ತಪ್ಪು ಹೊರಿಸಲಾಗದು. ಅಂದಿನಿಂದ ಜೇಬು ತಪಾಸಣೆಯ ಅಧಿಕಾರವನ್ನು ಮಗನಿಗೆ ವಹಿಸಿದ್ದೇನೆ. ಸಿಕ್ಕ ಗುಂಡಿ, ರಬ್ಬರ್ ಚೂರು, ಕ್ಲಿಪ್ಪುಗಳೆಲ್ಲ ಅವನ ಡಬ್ಬಕ್ಕೆ ಸೇರುವುದರಿಂದ ತಪಾಸಣೆ ಅತ್ಯಂತ ಕಟ್ಟುನಿಟ್ಟಾಗಿ ನಡೆಯುತ್ತಿದೆ.

ಹಿಂಡುವ ಕೆಲಸದಲ್ಲಿ ಯಂತ್ರ ನಿಜಕ್ಕೂ ಗಟ್ಟಿಗ. 1400 ಸುತ್ತಿನ ವೇಗದಲ್ಲಿ ಹಿಂಡಿದ ಹತ್ತಿಬಟ್ಟೆಯಲ್ಲಿ ಉಳಿಯುವ ನೀರು ಅದರ ಒಣ ತೂಕದ ಅರ್ಧದ ಆಸುಪಾಸಿನಲ್ಲಿರುತ್ತದೆ, ಮೋಡ ಕವಿದ ದಿನಗಳಲ್ಲಿ ಇದರ ಬೆಲೆ ಗೊತ್ತಾಗುತ್ತದೆ. ಸುಕ್ಕು ಮಾತ್ರ ಅಷ್ಟೇ ಬಲವಾಗಿ ಬೀಳುವುದರಿಂದ ಸಮವಸ್ತ್ರಗಳಿಗೆ ನಾನು 800ಕ್ಕೆ ಇಳಿಸುತ್ತೇನೆ.

ಇನ್ನು ಯಂತ್ರ ಮಾಡದ ಕೆಲಸಗಳಿಗೆ ಬರೋಣ, ಏಕೆಂದರೆ ಕೊಳ್ಳುವ ಮೊದಲು ನನಗೆ ಇದನ್ನು ಯಾರೂ ಹೇಳಿರಲಿಲ್ಲ. ಬಣ್ಣದ ಬಟ್ಟೆಯನ್ನು ಬಿಳಿಯದರಿಂದ ಬೇರೆ ಮಾಡುವುದು, ಹರವುವುದು, ತೆಗೆಯುವುದು, ಮಡಚುವುದು, ಜೊತೆ ತಪ್ಪಿದ ಕಾಲುಚೀಲಗಳಿಗೆ ಜೊತೆ ಹುಡುಕುವುದು, ನಾಳೆ ಯಾರಿಗೆ ಯಾವ ಸಮವಸ್ತ್ರ ಎಂದು ಇಂದೇ ನೆನಪಿಡುವುದು ಇವೆಲ್ಲ ಮೊದಲಿನಂತೆಯೇ ಉಳಿದಿವೆ. ಅಷ್ಟೇ ಅಲ್ಲ, ಬಟ್ಟೆಯ ರಾಶಿ ದೊಡ್ಡದಾಗಿದೆ. ಮೊದಲು ವಾರಕ್ಕೆ ಮೂರು ಸಲ ಒಗೆಯುತ್ತಿದ್ದ ಮನೆಯಲ್ಲಿ ಈಗ ಐದು ಸಲ ಒಗೆಯುತ್ತೇವೆ. ಎರಡು ದಿನ ತೊಡುತ್ತಿದ್ದ ಅಂಗಿಯನ್ನು ಒಂದೇ ದಿನಕ್ಕೆ ಬುಟ್ಟಿಗೆ ಎಸೆಯಲಾಗುತ್ತದೆ, ಟವೆಲ್ಲಿಗೂ ಅದೇ ಗತಿ. ಕಷ್ಟ ಕಡಿಮೆಯಾದಷ್ಟೂ ಶುಚಿತ್ವದ ಅಳತೆಗೋಲನ್ನು ನಾನೇ ಮೇಲಕ್ಕೆ ಏರಿಸುತ್ತ ಹೋದೆ ಎಂಬುದನ್ನು ಒಪ್ಪಿಕೊಳ್ಳುತ್ತೇನೆ. ಒಗೆತದಲ್ಲಿ ಉಳಿದ ಸಮಯದ ಒಂದು ಪಾಲನ್ನು ಮಡಚುವಿಕೆ ತಿಂದುಹಾಕಿದೆ.

ಮನೆಯ ಕೆಲಸ ಹಂಚಿಕೆಯಾದದ್ದು ಅನಿರೀಕ್ಷಿತ ಲಾಭ. ಹಳೆಯ ಯಂತ್ರವನ್ನು ನಡೆಸಲು ಅನುಭವ ಬೇಕಿತ್ತು, ಅನುಭವ ನನ್ನೊಬ್ಬಳಿಗೇ ಇತ್ತು. ಇದನ್ನು ಯಾರಾದರೂ ನಡೆಸಬಹುದು, ಫಲಕ ಅರ್ಥವಾದರೆ. ಆದರೆ ಆ ಫಲಕದಲ್ಲಿರುವುದು ಬರೀ ಚಿತ್ರಗಳು: ತೊಟ್ಟಿ, ಸುರುಳಿ, ಎಲೆ, ಹೂವು, ಗರಿ. ಎಲೆಗೂ ಗರಿಗೂ ಇರುವ ಅಂತರವನ್ನು ಎರಡು ಪದವಿ ಪಡೆದ ನಮ್ಮ ಪತಿ ನಾಲ್ಕು ತಿಂಗಳು ಪ್ರತಿ ಸಲವೂ ನನ್ನನ್ನು ಕೇಳಿಯೇ ತಿಳಿದುಕೊಂಡರು. ಕೊನೆಗೊಂದು ದಿನ ತರಗತಿಯ ಗೋಡೆಗೆ ಪಟ್ಟಿ ಅಂಟಿಸುವ ಹಾಗೆಯೇ, ಸಣ್ಣ ಚೀಟಿಗಳಲ್ಲಿ ‘ಸಮವಸ್ತ್ರ’, ‘ಹಾಸಿಗೆ ಬಟ್ಟೆ’, ‘ಉಣ್ಣೆ, ಮುಟ್ಟಬೇಡಿ’ ಎಂದು ದುಂಡಗೆ ಬರೆದು ಆಯಾ ಚಿತ್ರದ ಪಕ್ಕ ಅಂಟಿಸಿದೆ. ಮರುದಿನದಿಂದ ಪ್ರಶ್ನೆಗಳು ನಿಂತವು. ಈಗ ವಾರದಲ್ಲಿ ಎರಡು ದಿನ ಅವರೇ ತುಂಬಿ ಒತ್ತುತ್ತಾರೆ, ರಜಾದಿನ ಮಗಳು. ಕಂಪನಿಯವರು ಆ ಅಕ್ಷರಗಳನ್ನು ತಾವೇ ಮುದ್ರಿಸಿ ಕೊಡಬಾರದೇಕೆ ಎಂಬುದು ನನಗೆ ಇಂದಿಗೂ ಅರ್ಥವಾಗಿಲ್ಲ.

ಆರೈಕೆ ಹೆಚ್ಚೇನಿಲ್ಲ, ಆದರೆ ಬಿಟ್ಟರೆ ಸೇಡು ತೀರಿಸಿಕೊಳ್ಳುತ್ತದೆ. ಒಗೆತದ ನಂತರ ಬಾಗಿಲ ಸುತ್ತಲಿನ ರಬ್ಬರ್ ಪಟ್ಟಿಯ ಮಡಿಕೆಯನ್ನು ಒರೆಸಿ, ಬಾಗಿಲನ್ನು ಸ್ವಲ್ಪ ತೆರೆದಿಡಬೇಕು. ಇಲ್ಲವಾದರೆ ಅಲ್ಲಿ ಕಪ್ಪು ಬೂಷ್ಟು ಹಿಡಿಯುತ್ತದೆ, ಒಮ್ಮೆ ಹಿಡಿದರೆ ಪೂರ್ತಿ ಹೋಗುವುದಿಲ್ಲ. ಗಡಸು ನೀರಿದ್ದರೆ ಕಾಯಿಸುವ ಕಂಬಿಯ ಮೇಲೆ ಸುಣ್ಣ ಕಟ್ಟುತ್ತದೆ, ಅದಕ್ಕೆ ಆಗಾಗ ಸಿಟ್ರಿಕ್ ಆಮ್ಲ ಹಾಕಿ ಖಾಲಿ ಓಡಿಸಬೇಕು. ಪುಡಿಯನ್ನು ಹೆಚ್ಚು ಹಾಕಿದರೆ ಹೆಚ್ಚು ಶುಚಿ ಎಂಬುದು ತಪ್ಪು ಕಲ್ಪನೆ. ನೊರೆ ಮೆತ್ತೆಯಂತಾಗಿ ತಿಕ್ಕಾಟವನ್ನೇ ತಡೆಯುತ್ತದೆ. ಅಳವಡಿಸಲು ಬಂದವರು ಹಿಂಬದಿಯಲ್ಲಿ ಡ್ರಮ್ಮನ್ನು ಬಿಗಿದಿರುವ ಸಾಗಾಟದ ಬೋಲ್ಟುಗಳನ್ನು ಕಳಚಿದ್ದಾರೆಯೇ ಎಂದು ಕಣ್ಣಾರೆ ನೋಡಿಕೊಳ್ಳಿ, ಹಾಗೂ ಆ ಬೋಲ್ಟುಗಳನ್ನು ಜೋಪಾನವಾಗಿಡಿ, ಮನೆ ಬದಲಿಸುವಾಗ ಮತ್ತೆ ಬೇಕಾಗುತ್ತವೆ.

ಹೊರಗೆ ದುಡಿದು ಬಂದು ಬಟ್ಟೆಯ ರಾಶಿಯನ್ನು ಎದುರಿಸುವವರಿಗೆ ಈ ಬಗೆಯ ಯಂತ್ರವನ್ನು ಧಾರಾಳವಾಗಿ ಶಿಫಾರಸು ಮಾಡುತ್ತೇನೆ. ಆದರೆ ಅಂಗಡಿಯಲ್ಲಿ ಸ್ಪಿನ್ ವೇಗವನ್ನಲ್ಲ, ಗಡಿಯಾರದ ಗುಂಡಿ ಮುಗಿಯುವ ಹೊತ್ತನ್ನು ಎಣಿಸುತ್ತದೆಯೋ ಶುರುವಾಗುವ ಹೊತ್ತನ್ನೋ ಎಂದು ಕೇಳಿ. ಮುಗಿದಾಗ ಹೊರಡುವ ಪೀಪಿ ಸದ್ದನ್ನು ನಿಲ್ಲಿಸಲು ಬರುತ್ತದೆಯೇ ಎಂಬುದನ್ನೂ ಕೇಳಿ. ನಮ್ಮದರಲ್ಲಿ ಬರುತ್ತದೆ, ಮೂರು ಸೆಕೆಂಡು ಎರಡು ಗುಂಡಿಗಳನ್ನು ಒಟ್ಟಿಗೆ ಒತ್ತಬೇಕೆಂಬುದು ಕೈಪಿಡಿಯ ಕೊನೆಯ ಹಾಳೆಗಳಲ್ಲಿ ಅಡಗಿತ್ತು.

ಕೆಳಗಿನ ಮೂಲೆಯಲ್ಲಿರುವ ಫಿಲ್ಟರನ್ನು ಎರಡು ತಿಂಗಳಿಗೊಮ್ಮೆ ತೆರೆಯುವ ಕೆಲಸ ಪತಿಯದು. ಕಳೆದ ವಾರ ಅವರು ಅದನ್ನು ತಿರುಗಿಸಿದಾಗ ತಟ್ಟೆಗೆ ಬಿದ್ದದ್ದು ಒಂದು ಲೋಟದಷ್ಟು ಬೂದು ನೀರು, ಎರಡು ಕೂದಲ ಕ್ಲಿಪ್ಪು, ಒಂದು ನಾಣ್ಯ, ಮತ್ತು ಕೆಂಪು ಜೆಲ್ ಪೆನ್ನಿನ ಮುಚ್ಚಳ. ನಾಣ್ಯ ತನ್ನದೆಂದು ಮಗ ವಾದಿಸಿ ಗೆದ್ದ. ಮುಚ್ಚಳವನ್ನು ನಾನು ತೆಗೆದುಕೊಂಡೆ.